“ಯಾವ ಆಂಪ್ಲಿಫೈಯರ್ ಕೊಳ್ಳಲಿ?” ಎಂದು ಕೇಳುವವರಿಗೆ

ಹವ್ಯಾಸಿ ರೇಡಿಯೊದ ರುಚಿ ಹತ್ತಿದವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಇದು: “ಕಂಪ್ಯೂಟರಿಗೆ ಚುಚ್ಚಿ ರೇಡಿಯೊ ಕೇಳುವ ಯುಎಸ್‌ಬಿ ರಿಸೀವರ್ ತಂದಿದ್ದೇನೆ, ಬರೀ ಗೊರಗೊರ ಸದ್ದು, ಸಿಗ್ನಲ್ ಬಲಪಡಿಸಲು ಯಾವ ಆಂಪ್ಲಿಫೈಯರ್ ಕೊಳ್ಳಲಿ?” ಸದ್ಯಕ್ಕೆ ಯಾವುದನ್ನೂ ಕೊಳ್ಳದೆ, ಒಂದು ಮೀಟರು ತಂತಿ ಮತ್ತು ಅಳತೆಯ ಟೇಪು ಹಿಡಿದು ಕುಳಿತುಕೊಳ್ಳಿ ಎಂಬುದೇ ನನ್ನ ಉತ್ತರ.

ಮೊದಲು ಆಂಟೆನಾ. ಅದರ ಉದ್ದ, ಹಿಡಿಯಬೇಕಾದ ರೇಡಿಯೊ ಅಲೆಯ ಉದ್ದಕ್ಕೆ ಹೊಂದಬೇಕು. 300ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರುಗಳಲ್ಲಿ ಸಿಗುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ರೇಡಿಯೊ ದನಿ ಬರುವುದು 145.8 ಮೆಗಾಹರ್ಟ್ಸ್‌ನಲ್ಲಿ, ಅಲ್ಲಿ ಅಲೆಯ ಉದ್ದ ಸುಮಾರು 2.06 ಮೀಟರು. ಅದರ ಅರ್ಧದಲ್ಲಿ ಶೇಕಡಾ 5ರಷ್ಟನ್ನು ಕಳೆದರೆ 98 ಸೆಂಟಿಮೀಟರು ಉಳಿಯುತ್ತದೆ. ತಲಾ 49 ಸೆಂಟಿಮೀಟರಿನ ಎರಡು ತಂತಿಗಳನ್ನು ಪಿವಿಸಿ ಕೊಳವೆಗೆ ಎದುರುಬದುರಾಗಿ ಕಟ್ಟಿ, ಕೋಆಕ್ಸಿಯಲ್ ಕೇಬಲಿನ ನಡುವಿನ ತಂತಿಯನ್ನು ಒಂದಕ್ಕೂ ಹೊರಗಿನ ಜಾಲರಿಯನ್ನು ಇನ್ನೊಂದಕ್ಕೂ ಬೆಸುಗೆ ಹಾಕಿದರೆ ಡೈಪೋಲ್ ಆಂಟೆನಾ ಸಿದ್ಧ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗೆ (ಅಂದರೆ 0.612 ಮೆಗಾಹರ್ಟ್ಸ್‌ಗೆ) ಇದೇ ಲೆಕ್ಕ ಹಾಕಿದರೆ ಅಲೆ 490 ಮೀಟರು ಉದ್ದ ಬರುತ್ತದೆ; ಅಷ್ಟು ತಂತಿಯನ್ನು ಮನೆಯಲ್ಲಿ ಎಳೆಯಲಾಗದೆಂದೇ ಟ್ರಾನ್ಸಿಸ್ಟರ್ ರೇಡಿಯೊದೊಳಗೆ ಫೆರೈಟ್ ಎಂಬ ಕಾಂತೀಯ ವಸ್ತುವಿನ ಕಡ್ಡಿಗೆ ಸುರುಳಿ ಸುತ್ತಿರುತ್ತಾರೆ.

ಇನ್ನು ಬೇಡದ ಸಿಗ್ನಲ್ಲನ್ನು ತಡೆಯುವ ಫಿಲ್ಟರ್. ನಾನೂ ಮೊದಲು ಕೊಂಡದ್ದು ಆಂಪ್ಲಿಫೈಯರನ್ನೇ, ಮತ್ತು ನಿಲ್ದಾಣದ ದನಿಗೆ ಕಿವಿಗೊಟ್ಟು ಕುಳಿತವನಿಗೆ ಎಲ್ಲಿ ತಿರುಗಿಸಿದರೂ ಚಿತ್ರಗೀತೆಗಳೇ ಕೇಳಿಸಿದವು. ನಗರದಲ್ಲಿ 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಎಫ್‌ಎಂ ಕೇಂದ್ರಗಳು ಎಷ್ಟು ಪ್ರಬಲವೆಂದರೆ, ಅಗ್ಗದ ರಿಸೀವರ್ ಅವುಗಳ ಭಾರಕ್ಕೆ ಸೋತು ಇಲ್ಲದ ಕಡೆಯಲ್ಲೂ ಅವುಗಳ ನೆರಳನ್ನು ತೋರಿಸುತ್ತದೆ. ಆಂಪ್ಲಿಫೈಯರ್ ಆ ಭಾರವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಇದಕ್ಕೆ ಮದ್ದು ಒಂದು ತುಂಡು ಕೇಬಲು. ರಿಸೀವರಿನ ಬಾಯಿಗೆ ಟಿ ಕನೆಕ್ಟರ್ ಹಾಕಿ, ಒಂದು ಕವಲಿಗೆ ಆಂಟೆನಾವನ್ನೂ ಇನ್ನೊಂದಕ್ಕೆ ತುದಿ ತೆರೆದೇ ಇರುವ ಕೇಬಲ್ ತುಂಡನ್ನೂ ಜೋಡಿಸಬೇಕು. ತುಂಡಿನ ಉದ್ದ ತಡೆಯಬೇಕಾದ ಕೇಂದ್ರದ ಕಾಲು ಅಲೆಯಷ್ಟಿದ್ದರೆ, ತುದಿ ಮುಟ್ಟಿ ಮರಳುವ ಸಿಗ್ನಲ್ ಒಟ್ಟು ಅರ್ಧ ಅಲೆ ಕ್ರಮಿಸಿ, ಬಂದ ಸಿಗ್ನಲ್ಲಿಗೆ ತಲೆಕೆಳಗಾಗಿ ಎದುರಾಗಿ ಅದನ್ನು ಅಳಿಸುತ್ತದೆ. ಬೆಂಗಳೂರು ಆಕಾಶವಾಣಿಯ ಎಫ್‌ಎಂ ರೇನ್‌ಬೋ ಕೇಂದ್ರದ 101.3 ಮೆಗಾಹರ್ಟ್ಸ್‌ಗೆ ಕಾಲು ಅಲೆ 74 ಸೆಂಟಿಮೀಟರು; ಆದರೆ ಸಾಮಾನ್ಯ ಕೇಬಲ್ಲಿನೊಳಗೆ ಅಲೆಯ ವೇಗ ಬೆಳಕಿನ ವೇಗದ ಶೇಕಡಾ 66 ಮಾತ್ರವಾದ್ದರಿಂದ ತುಂಡು ಇರಬೇಕಾದದ್ದು 49 ಸೆಂಟಿಮೀಟರು. (ಡೈಪೋಲಿನ ತೋಳಿಗೂ ಇದಕ್ಕೂ ಒಂದೇ ಅಳತೆ ಬಂದದ್ದು ಬರೀ ಕಾಕತಾಳೀಯ.) ನೊರೆಯಂಥ ಪ್ಲಾಸ್ಟಿಕ್ ತುಂಬಿದ ಟಿವಿ ಕೇಬಲ್ಲಿನಲ್ಲಿ ವೇಗ ಹೆಚ್ಚಿರುವುದರಿಂದ ಇನ್ನೂ ಉದ್ದದ ತುಂಡು ಬೇಕಾಗುತ್ತದೆ. ಮೊದಲು 51 ಸೆಂಟಿಮೀಟರಿಗೆ ಕತ್ತರಿಸಿ, ಕಂಪ್ಯೂಟರ್ ಪರದೆಯ ಮೇಲೆ ಎಫ್‌ಎಂನ ಶಿಖರಗಳನ್ನು ನೋಡುತ್ತ ಎರಡೆರಡು ಮಿಲಿಮೀಟರು ಸವರುತ್ತ ಬನ್ನಿ. ಒಂದು ಸೆಂಟಿಮೀಟರು ತೆಗೆದರೆ ಸಿಗ್ನಲ್ ಅಳಿಯುವ ಜಾಗ, ಅಂದರೆ ತಗ್ಗು, ಸುಮಾರು 2 ಮೆಗಾಹರ್ಟ್ಸ್ ಮೇಲಕ್ಕೆ ಸರಿಯುತ್ತದೆ. ಇಡೀ ಎಫ್‌ಎಂ ಪಟ್ಟಿ ಇದರಿಂದ ಮಾಯವಾಗುವುದಿಲ್ಲ. ಅತಿ ಜೋರಿನ ಕೇಂದ್ರವೊಂದು ತಗ್ಗಿದರೂ ರಿಸೀವರಿಗೆ ಉಸಿರಾಡಲು ಸಾಕು.

ಇಷ್ಟೆಲ್ಲ ಆದ ಮೇಲೂ ದನಿ ಕ್ಷೀಣವೆನಿಸಿದರೆ ಆಂಪ್ಲಿಫೈಯರ್ ಕೊಳ್ಳಿ. ಆದರೆ ಅದನ್ನು ಮೇಜಿನ ಮೇಲಿಡದೆ ಛಾವಣಿಯಲ್ಲಿ ಆಂಟೆನಾದ ಬುಡದಲ್ಲೇ ಇಡಿ, ಟಿ ಕನೆಕ್ಟರನ್ನೂ ತುಂಡನ್ನೂ ಅದರ ಮುಂದಕ್ಕೆ, ಆಂಟೆನಾದ ಕಡೆಗೆ ಸಾಗಿಸಿ.