ಒಂದನೆಯ ವಿಧಿ, ಹದಿನೇಳನೆಯ ವಿಧಿ

ನಮ್ಮ ಇತಿಹಾಸದ ಮೇಷ್ಟ್ರು ಫ್ರಾನ್ಸಿನ ಕ್ರಾಂತಿಯ ಪಾಠವನ್ನು ಬ್ಯಾಸ್ಟಿಲ್ ಕೋಟೆಯಿಂದ ಶುರುಮಾಡುತ್ತಿರಲಿಲ್ಲ. ಮತ ಎಣಿಸುವ ಲೆಕ್ಕದಿಂದ ಶುರುಮಾಡುತ್ತಿದ್ದರು. ಆ ಪಾಠ ನೆನಪಿರುವವರಿಗಾಗಿಯೂ ಈಗ ಓದುತ್ತಿರುವವರಿಗಾಗಿಯೂ ಇದನ್ನು ಬರೆಯುತ್ತಿದ್ದೇನೆ.

1789ರ ಮೇ 5ರಂದು ವರ್ಸೈಯಲ್ಲಿ ಮೂರು ವರ್ಗಗಳ ಸಭೆ ಸೇರಿತು. ಜನಸಾಮಾನ್ಯರ ಪ್ರತಿನಿಧಿಗಳು ಉಳಿದೆರಡು ವರ್ಗ ಕೂಡಿದರೆ ಎಷ್ಟೋ ಹೆಚ್ಚುಕಮ್ಮಿ ಅಷ್ಟೇ ಇದ್ದರು. ಆದರೆ ವರ್ಗಕ್ಕೊಂದು ಮತವಾದರೆ ಪಾದ್ರಿಗಳದೂ ಶ್ರೀಮಂತರದೂ ಸೇರಿ ಎರಡು, ಇವರದು ಒಂದು. ತಲೆಗೊಂದು ಮತ ಬೇಕೆಂದು ಹಟ ಹಿಡಿದವರು ಜೂನ್ 17ರಂದು ತಮ್ಮನ್ನೇ ರಾಷ್ಟ್ರೀಯ ಸಭೆ ಎಂದು ಕರೆದುಕೊಂಡರು. ಸಮಾನತೆ ಎಂಬ ವಿಚಾರ ನೆಲಕ್ಕಿಳಿದದ್ದು ಹೀಗೆ, ಕೂಡುವ ಕಳೆಯುವ ಲೆಕ್ಕವಾಗಿ.

ಆಗಸ್ಟ್ 26ರಂದು ಅಂಗೀಕಾರವಾದ ಹಕ್ಕುಗಳ ಘೋಷಣೆಯಲ್ಲಿ 17 ವಿಧಿಗಳು. ಮನುಷ್ಯರು ಹುಟ್ಟಿನಿಂದ ಸ್ವತಂತ್ರರು, ಹಕ್ಕಿನಲ್ಲಿ ಸಮಾನರು ಎನ್ನುತ್ತದೆ ಮೊದಲನೆಯದು. ಆಸ್ತಿ ಪವಿತ್ರ, ಅದನ್ನು ಮುಟ್ಟಕೂಡದು ಎನ್ನುತ್ತದೆ ಕೊನೆಯದು. ಎಡವಟ್ಟಾದದ್ದು ಇಲ್ಲೇ. ಮತದ ಹಕ್ಕು ಸಿಕ್ಕಿದ್ದು 25 ವರ್ಷ ತುಂಬಿ, ಮೂರು ದಿನದ ಕೂಲಿಯಷ್ಟು ತೆರಿಗೆ ಕಟ್ಟುವ ಗಂಡಸರಿಗೆ ಮಾತ್ರ. ಹೆಂಗಸರ ಹೆಸರಲ್ಲಿ ಒಲಂಪ್ ದ ಗೂಜ್ 1791ರಲ್ಲಿ ಮತ್ತೊಂದು 17 ವಿಧಿಗಳನ್ನು ಬರೆದಳು. 1793ರಲ್ಲಿ ಅವಳ ತಲೆ ಕಡಿದರು.

ಇಂದಿನ ಹೈಟಿ, ಆಗ ಸ್ಯಾನ್ ಡೊಮಿಂಗ್ ಎಂಬ ಹೆಸರಿನ ಫ್ರಾನ್ಸಿನ ಕೆರಿಬಿಯನ್ ವಸಾಹತು. ಅಲ್ಲಿ ಸುಮಾರು 5 ಲಕ್ಷ ಗುಲಾಮರಿದ್ದರು. ಕಬ್ಬಿನ ತೋಟದ ಮಾಲೀಕರಿಗೆ ಅವರು ಮನುಷ್ಯರಲ್ಲ, ಆಸ್ತಿ; ಹಾಗಾಗಿ ಒಂದನೆಯ ವಿಧಿಯನ್ನು ತಡೆಯಲು ಹದಿನೇಳನೆಯದು ಒದಗಿಬಂತು. ಗುಲಾಮರಲ್ಲದ ಮಿಶ್ರ ವರ್ಣದವರ ಸಮಾನತೆಗಾಗಿ ಎದ್ದ ವಿನ್ಸೆಂಟ್ ಓಝೆಯನ್ನು 1791ರ ಫೆಬ್ರುವರಿಯಲ್ಲಿ ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು. ಅದೇ ವರ್ಷದ ಆಗಸ್ಟಿನಲ್ಲಿ ಗುಲಾಮರೇ ತೋಟಗಳಿಗೆ ಬೆಂಕಿಯಿಟ್ಟರು. ಪ್ಯಾರಿಸ್ಸಿನ ಸಭೆ ಗುಲಾಮಗಿರಿಯನ್ನು ರದ್ದುಮಾಡಿದ್ದು 1794ರ ಫೆಬ್ರುವರಿ 4ರಂದು. ದಂಗೆಯೆದ್ದವರು ಅಷ್ಟರಲ್ಲಿ ಎರಡೂವರೆ ವರ್ಷ ಕಾದಾಡಿದ್ದರು. ಹಕ್ಕನ್ನು ಪ್ಯಾರಿಸ್ ದಾನ ಕೊಟ್ಟಿತು ಎಂದು ಉತ್ತರಪತ್ರಿಕೆಯಲ್ಲಿ ದಯವಿಟ್ಟು ಬರೆಯಬೇಡಿ.

1802ರಲ್ಲಿ ನೆಪೋಲಿಯನ್ ಗುಲಾಮಗಿರಿಯನ್ನು ಮತ್ತೆ ಕಾನೂನಾಗಿಸಿದ. ದಂಗೆಯ ನಾಯಕ ತೂಸ್ಸೇನ್ ಲುವೆರ್ತುರ್ 1803ರಲ್ಲಿ ಫ್ರಾನ್ಸಿನ ಸೆರೆಮನೆಯಲ್ಲಿ ಸತ್ತ. ಆದರೂ 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. 1825ರಲ್ಲಿ ಫ್ರಾನ್ಸ್ ಹೈಟಿಯ ತೀರಕ್ಕೆ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ಮಾಲೀಕರು ಕಳೆದುಕೊಂಡ ಆಸ್ತಿಗೆ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. 1838ರಲ್ಲಿ ಅದು 9 ಕೋಟಿಗೆ ಇಳಿಯಿತು. ಆ ಹೊರೆಗಾಗಿ ಎತ್ತಿದ ಸಾಲಗಳನ್ನು ಹೈಟಿ ತೀರಿಸಿ ಮುಗಿಸಿದ್ದು 1947ರಲ್ಲಿ.