ರಜೆಗೆ ಊರಿಗೆ ಹೊರಡುವ ಮೊದಲು ಒಂದು ಹಾಳೆ

ಶಿವಮೊಗ್ಗದಲ್ಲಿ ಕಾಲೇಜು ಮಕ್ಕಳ ಆಪ್ತಸಮಾಲೋಚಕಿಯಾಗಿರುವ ನನಗೆ ಪರೀಕ್ಷೆಗಿಂತ ರಜೆಯ ಚಿಂತೆಯೇ ಜಾಸ್ತಿ. ಪರೀಕ್ಷೆ ಹೊತ್ತಿಗೆ ಹಾಸ್ಟೆಲಿನಲ್ಲಿ ಗೆಳೆಯರು, ವಾರ್ಡನ್ ಇರುತ್ತಾರೆ. ನಾನೂ ಇರುತ್ತೇನೆ. ರಜೆ ಬಂತೆಂದರೆ ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯ ಎಷ್ಟೋ ಮಕ್ಕಳು ತೋಟದ ನಡುವಿನ ಒಂಟಿ ಮನೆಗೆ ಹೋಗುತ್ತಾರೆ. ಪಕ್ಕದ ಮನೆ ಅಂದರೆ ಗುಡ್ಡದ ಆಚೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಫೋನಿನ ಸಿಗ್ನಲ್ಲೂ ಹೋಯಿತು. "ಬೇಜಾರಾದ್ರೆ ಫೋನ್ ಮಾಡು" ಎಂದು ಹೇಳಿ ಕಳಿಸಿದರೆ ಸಾಕಾಗುವುದಿಲ್ಲ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಅವನು ಬಂದದ್ದು ತಲೆನೋವು, ಅಟೆಂಡೆನ್ಸ್ ಕಡಿಮೆ ಎಂಬ ಕಾರಣಕ್ಕೆ. ನಮ್ಮಲ್ಲಿ ಬಹಳ ಮಕ್ಕಳು ಬರುವುದೇ ಹೀಗೆ. "ಎಂತ ಆಯ್ತು, ನಿದ್ದೆ ಬರುತ್ತಾ?" ಎಂದು ಕೇಳುತ್ತಾ ಹೋದಾಗ ಮನೆಯ ವಿಷಯ ಬಂತು. ಕೊಳೆರೋಗಕ್ಕೆ ಅಡಿಕೆ ಉದುರಿ ಹೋಗಿತ್ತು. ಸೊಸೈಟಿ ಸಾಲ ಹಾಗೇ ಇತ್ತು. "ನನ್ನ ಫೀಸೇ ಅವರಿಗೆ ಭಾರ ಮೇಡಂ, ಅಪ್ಪಯ್ಯನ ಮುಖ ನೋಡಕ್ಕಾಗಲ್ಲ" ಎಂದ.

ಆಗ ನೇರವಾಗಿ ಕೇಳಬೇಕು: "ಸಾಯಬೇಕು ಅಂತ ಅನಿಸಿದ್ಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಎಂದು ಅಧ್ಯಾಪಕರು ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಒಳಗೇ ಇಟ್ಟುಕೊಂಡದ್ದನ್ನು ಹೇಳಲು ಜಾಗ ಸಿಕ್ಕಿತಲ್ಲ ಎಂದು ಮಕ್ಕಳಿಗೆ ಸಮಾಧಾನವೇ ಆಗುತ್ತದೆ. ಅವನು ಹೌದು ಎಂದ.

ಅವನಿಗೆ ಮನೋವೈದ್ಯರ ಚಿಕಿತ್ಸೆ ಶುರುವಾಯಿತು. ರಜೆ ಹತ್ತಿರ ಬಂದಾಗ ಇಬ್ಬರೂ ಕೂತು ಒಂದು ಹಾಳೆ ಬರೆದೆವು. ಮನಸ್ಸು ಕುಸಿಯುವ ಮೊದಲು ಏನೇನು ಬದಲಾಗುತ್ತದೆ? ಊಟ ಬಿಟ್ಟು ಮಲಗುತ್ತೇನೆ, ಗೆಳೆಯರ ಮೆಸೇಜ್ ನೋಡುವುದಿಲ್ಲ ಎಂದು ಬರೆದ. ಯಾವುದರಿಂದ ಸ್ವಲ್ಪ ಹಗುರ ಆಗುತ್ತದೆ? ಸಂಜೆಯ ವಾಲಿಬಾಲ್. ಯಾರಿಗೆ ಹೇಳಬಹುದು? ಅಪ್ಪನಿಗಲ್ಲ, ಚಿಕ್ಕಮ್ಮನಿಗೆ. ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದನ್ನೂ ಬರೆಸಿದೆ. ನಂಬರ್‌ಗಳೆಲ್ಲ ಹಾಳೆಯ ಮೇಲೇ ಇರಬೇಕು, ಫೋನ್ ಚಾರ್ಜ್ ಇಲ್ಲದಿದ್ದರೆ ಬೇರೆಯವರ ಫೋನಿನಿಂದ ಮಾಡಬಹುದು. ಅದರಲ್ಲಿ 14416 ಕೂಡ ಇತ್ತು. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ಹಾಳೆಯ ಬಹಳ ಮುಖ್ಯ ಸಾಲು ಬೇರೆಯದು. ಕೃಷಿ ಮನೆಗಳಲ್ಲಿ ಗಿಡಕ್ಕೆ ಹೊಡೆಯುವ ಔಷಧಿ ಕೈಗೆ ಸಿಗುವಂತೆಯೇ ಇರುತ್ತದೆ. ಅದನ್ನು ಬೀಗ ಹಾಕಿ ಇಡಬೇಕು, ಕೀ ಬೇರೆಯವರ ಹತ್ತಿರ ಇರಬೇಕು. ಸಾಯಬೇಕೆನ್ನುವ ತೀವ್ರ ಒತ್ತಡ ಎಷ್ಟೋ ಸಲ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಆ ಹೊತ್ತಿಗೆ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯಬಹುದು. ಇದನ್ನು ಮನೆಯವರಿಗೆ ಹೇಳದೆ ಆಗುವುದಿಲ್ಲ. ಆದರೆ ಅವನ ಚಿಕಿತ್ಸೆಯ ವಿಷಯ ಗುಟ್ಟಾಗಿರುವುದು ಅವನ ಹಕ್ಕು, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಅದು ಇದೆ. ಜೀವಕ್ಕೆ ಅಪಾಯವಿದ್ದಾಗ ಬೇಕಾದಷ್ಟನ್ನು ಮಾತ್ರ ತಿಳಿಸಬಹುದು. ಹಾಗಿದ್ದರೂ ನಾನು ಅವನನ್ನು ಕೇಳಿಯೇ, ಅವನ ಎದುರಿಗೇ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅವರು "ಆಯ್ತು ಮೇಡಂ, ಕೀ ನನ್ನ ಹತ್ರ ಇಟ್ಕೊಳ್ತೀನಿ" ಎಂದರು. ಬೇರೆ ಏನೂ ಕೇಳಲಿಲ್ಲ. ಅಂಥ ಒಬ್ಬರು ಪ್ರತಿ ಮನೆಯಲ್ಲೂ ಇದ್ದರೆ ನನ್ನ ಅರ್ಧ ಚಿಂತೆ ಕಳೆಯುತ್ತಿತ್ತು.

ಮಾತ್ರೆಯ ಲೆಕ್ಕವನ್ನೂ ಹಾಕಬೇಕು. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ಊರಿಗೆ ಹೋದಾಗ "ಇದೆಲ್ಲ ಮಂಡೆ ಕೆಟ್ಟವರಿಗೆ" ಎಂದು ಯಾರಾದರೂ ಹೇಳಿದರೆ ಮಕ್ಕಳು ಥಟ್ಟನೆ ನಿಲ್ಲಿಸಿಬಿಡುತ್ತಾರೆ. ವೈದ್ಯರನ್ನು ಕೇಳದೆ ನಿಲ್ಲಿಸಬಾರದು ಎಂದು ಹಾಳೆಯಲ್ಲೇ ಬರೆಸುತ್ತೇನೆ. ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಅವರ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆ ಎಂದು ಮೊದಲೇ ವಿಚಾರಿಸಿ ಇಡಿ.

100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರು ಇರಬೇಕು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನನ್ನ ಕೋರಿಕೆ ಇಷ್ಟೇ: ಈ ಹಾಳೆಯ ಕೆಲಸವನ್ನು ಪರೀಕ್ಷೆ ಶುರುವಾಗುವ ಮೊದಲೇ ಮುಗಿಸಿ. ಕೊನೆಯ ಪೇಪರ್ ಬರೆದ ಮಧ್ಯಾಹ್ನವೇ ಮಕ್ಕಳು ಬಸ್ ಹತ್ತಿಬಿಡುತ್ತಾರೆ.