ಟೆಲೊಮಿಯರ್ ಉದ್ದ ಮಾಡಿದ್ರೆ ಲ್ಯುಕೇಮಿಯಾ ಹೋಗುತ್ತಲ್ವಾ? ಹೋಗಲ್ಲ

ಲ್ಯಾಬಲ್ಲಿ ರಕ್ತಕಣಗಳ ಟೆಲೊಮಿಯರ್ ಅಳೆಯೋದು ನನ್ನ ಕೆಲಸ ಅಂತ ಗೊತ್ತಾದ್ರೆ ಸಾಕು, ಎಲ್ಲರೂ ಕೇಳೋದು ಇದೊಂದೇ, ಅದನ್ನ ಉದ್ದ ಮಾಡಿದ್ರೆ ಕ್ಯಾನ್ಸರ್ ಹೋಗುತ್ತಲ್ವಾ? ಆ "ಅಲ್ವಾ" ಇದ್ಯಲ್ಲ, ಅದಕ್ಕೇ ನಂಗೆ ಸಿಟ್ಟು ಬರೋದು. ಉತ್ತರ ಅವರೇ ತೀರ್ಮಾನ ಮಾಡ್ಕೊಂಡು ಬಂದಿರ್ತಾರೆ, ನಾನು ತಲೆ ಆಡಿಸ್ಬೇಕು ಅಷ್ಟೇ.

ಕ್ರೋಮೋಸೋಮಿನ ತುದೀಲಿ ಟಿಟಿಎಜಿಜಿಜಿ ಅನ್ನೋ ಡಿಎನ್‌ಎಯ ಆರಕ್ಷರ ಮತ್ತೆ ಮತ್ತೆ ಬರೋ ಜಾಗಾನೇ ಟೆಲೊಮಿಯರ್. ಕಣ ಒಡೆದು ಎರಡಾದಾಗೆಲ್ಲ ಅದು ಚೂರು ಸವೆಯುತ್ತೆ. ಲ್ಯುಕೇಮಿಯಾ ಅಂದ್ರೆ ರಕ್ತದ ಕ್ಯಾನ್ಸರ್. ಅದ್ರಲ್ಲಿ ಸಿಎಲ್‌ಎಲ್ ಅನ್ನೋ ನಿಧಾನದ ಬಗೇಲಿ ಒಂದೇ ಬಿ ಕಣದ (ಅದೊಂದು ಥರದ ಬಿಳಿ ರಕ್ತಕಣ) ಸಂತಾನ ಒಡೆದು ಒಡೆದು ರಕ್ತ ತುಂಬ್ಕೊಳ್ಳುತ್ತೆ, ಅದಕ್ಕೇ ಅವುಗಳ ಟೆಲೊಮಿಯರ್ ಗಿಡ್ಡ, ತುಂಬಾ ಗಿಡ್ಡ ಇದ್ರೆ ರೋಗ ಸಾಮಾನ್ಯವಾಗಿ ಜೋರು. ಚಪ್ಪಲಿ ಸವೆದಿದೆ ಅಂತ ಹೊಸ ಅಟ್ಟೆ ಹಾಕಿಕೊಟ್ರೆ ನಡೆಯೋನು ನಿಲ್ತಾನಾ? ಇನ್ನೂ ದೂರ ಹೋಗ್ತಾನೆ. ಹುಟ್ಟಿನಿಂದಲೇ ಟೆಲೊಮಿಯರ್ ಉದ್ದ ಇರೋರಿಗೆ ಸಿಎಲ್‌ಎಲ್ ಬರೋ ಸಾಧ್ಯತೆ ಜಾಸ್ತಿ, ಇದನ್ನ ಟೆಲೊಮಿಯರ್ ಬೆಳೆಸುತ್ತೆ ಅಂತ ಮಾತ್ರೆ ಮಾರೋರು ಹೇಳಲ್ಲ.

ಒಂದ್ಸಲ ಒಬ್ಳು ಹುಡುಗಿ ಅಪ್ಪನ ರಿಪೋರ್ಟ್ ಜೊತೆ ಒಂದು ಡಬ್ಬಿ ತಂದಿದ್ಲು, ಸೀಲ್ ಇನ್ನೂ ಒಡೆದಿರ್ಲಿಲ್ಲ. "ಮೇಡಂ, ಇದ್ರಿಂದ ಟೆಲೊಮಿಯರ್ ಬೆಳೆಯುತ್ತಂತೆ." ಯಾವ ಕಣದ್ದಮ್ಮ ಬೆಳೀಬೇಕು, ಒಳ್ಳೇದ್ದಾ, ಕ್ಯಾನ್ಸರ್‌ದ್ದಾ, ಮಾತ್ರೆಗೆ ಗೊತ್ತಾಗುತ್ತಾ ಅಂದೆ, ಸ್ವಲ್ಪ ಒರಟಾಗೇ ಅಂದೆ. ಅವಳು ಡಬ್ಬೀನ ತಿರುಗಿಸಿ ತಿರುಗಿಸಿ ನೋಡಿ, ಕೆಳಗಿಟ್ಟು, "ಹಾಗಾದ್ರೆ ಅಪ್ಪನ ಒಳ್ಳೆ ಕಣಗಳು ಹೇಗಿವೆ ಮೇಡಂ?" ಅಂದ್ಲು.

ಇದು ಪ್ರಶ್ನೆ! ಇದನ್ನ ಕೇಳ್ಲಿ ಅಂತ ಎಷ್ಟು ವರ್ಷ ಕಾದಿದ್ದೆ. ಸಿಎಂಎಲ್ ಅನ್ನೋ ಇನ್ನೊಂದು ಲ್ಯುಕೇಮಿಯಾದಲ್ಲಿ ಟಿ ಕಣ ಅನ್ನೋ ಬೇರೆ ಥರದ ಬಿಳಿ ರಕ್ತಕಣಗಳಿಗೆ ಸಾಮಾನ್ಯವಾಗಿ ರೋಗ ತಾಕಿರಲ್ಲ, ಹಾಗಾಗಿ ಅದೇ ಟ್ಯೂಬಿನ ಟಿ ಕಣಗಳನ್ನೇ ಅಳತೆಗೋಲು ಮಾಡ್ಕೊಂಡು ರೋಗದ ಕಣ ಎಷ್ಟು ಸವೆದಿದೆ ನೋಡ್ಬಹುದು. 2001ರಲ್ಲಿ ಬಂದ ಸಿಎಂಎಲ್ ಔಷಧಿ ಇಮಾಟಿನಿಬ್ ಚೆನ್ನಾಗಿ ಹಿಡಿದ್ರೆ ಸರಾಸರಿ ಉದ್ದ ಮತ್ತೆ ಏರುತ್ತೆ, ಆದ್ರೆ ಅಲ್ಲಿ ಯಾವ ಕಣದ ಟೆಲೊಮಿಯರೂ ಬೆಳೆದಿರಲ್ಲ, ರೋಗದ ಕಣ ಜಾಗ ಖಾಲಿ ಮಾಡಿ ಒಳ್ಳೆ ಕಣ ಬಂದಿರುತ್ತೆ. ಸಿಎಲ್‌ಎಲ್‌ನಲ್ಲಿ ಕಥೆ ಬೇರೆ, ರೋಗ ಜೋರಾಗಿರೋ ಕೆಲವರಲ್ಲಿ ಕ್ಯಾನ್ಸರ್ ಅಲ್ಲದ ಟಿ ಕಣಗಳೂ ಸವೆದಿರ್ತವೆ.

ಕಂಪ್ಯೂಟರ್ ತಿರುಗಿಸಿ ಗ್ರಾಫ್ ತೋರಿಸ್ದೆ, ಬಲಕ್ಕೆ ಹೋದಷ್ಟೂ ಟೆಲೊಮಿಯರ್ ಉದ್ದ. ಬಲಗಡೆ ಕೊನೇಲಿರೋ ದಿಬ್ಬ ಹಸುವಿನ ಥೈಮಸ್ ಗ್ರಂಥಿಯ ಕಣ, ಅಳತೆ ತಪ್ಪದಿರಲಿ ಅಂತ ನಾವೇ ಸೇರಿಸೋದು. ಎಡಗಡೆ ಎತ್ತರದ ದಿಬ್ಬ ಲ್ಯುಕೇಮಿಯಾ. ನಡುವೆ ಒಂದು ಸಣ್ಣ ದಿಬ್ಬ, ಅದರ ಮೇಲೆ ಬೆರಳಿಟ್ಟು, ಇವೇ ನಿಮ್ಮಪ್ಪನ ಟಿ ಕಣ, ಪರವಾಗಿಲ್ಲ, ಇನ್ನೂ ಅಷ್ಟೊಂದು ಸವೆದಿಲ್ಲ ಅಂದೆ. ಅವಳು ಫೋನ್ ತೆಗೆದು ಅದಷ್ಟನ್ನೇ ಫೋಟೋ ಹೊಡ್ಕೊಂಡ್ಲು.